ಸೌದೆ ಕಡಿಯುವವರ ಪೈಕಿ

ಮಲ್ಕೀಯರು ಅಂಗಳಕ್ಕೆ ಕಾಲಿಟ್ಟಾಗ ಶಪ್ಪೀರಾ ಅಗಸೆಯ ನಾರು ಬಾಚುತ್ತಿದ್ದಳು. ಅವರು ಬರುವ ಸುದ್ದಿ ಮೊದಲೇ ಬಂದಿತ್ತು. ಯಾಜಕರ ಮನೆಗೆ ಹೆಣ್ಣು ಕೊಡುವುದೆಂದರೆ ಸುಮ್ಮನೆಯೇ? ಹುಡುಗಿಯ ತಾಯಿ ಕಡೆಯ ನಾಲ್ವರು, ತಂದೆ ಕಡೆಯ ನಾಲ್ವರು, ಮಣ್ಣಾಗಿ ಹೋದ ಮುದುಕಿಯರನ್ನೆಲ್ಲ ಎಬ್ಬಿಸಿ ಕೂರಿಸಿ ಕುಲ ಕೇಳುತ್ತಾರೆ. ಸಿಪ್ಪೋರಿಯಲ್ಲಿ ಇದು ಕೂಸಿಗೂ ಗೊತ್ತು. ಹುಡುಗ ಯಕೀಮನಿಗೆ ತಂದೆಯಿಲ್ಲ. ಆದ್ದರಿಂದ ಕೇಳುವ ಭಾರ ದೊಡ್ಡಪ್ಪನಾದ ಮಲ್ಕೀಯರ ಮೇಲೆ ಬಿದ್ದಿತ್ತು.

"ಏನವ್ವಾ, ಬಾಗಿಲಲ್ಲೇ ನಿಲ್ಲಿಸ್ತೀಯೋ, ಒಳಗೆ ಕರೀತೀಯೋ? ನಿಮ್ಮ ಈ ದಿನ್ನೆ ಹತ್ತೋ ಹೊತ್ತಿಗೆ ನನ್ನ ಉಸಿರು ಅರ್ಧ ದಾರೀಲೇ ಬಿದ್ದೋಯ್ತು," ಎಂದು ನಗುತ್ತ ಅವರು ನೆರಳಿನಲ್ಲಿದ್ದ ಕಲ್ಲಿನ ಮೇಲೆ ಕುಳಿತರು. ದಪ್ಪ ಮನುಷ್ಯ. ಉಬ್ಬಸದವರು. ಮುಖ ಎಷ್ಟು ಒಳ್ಳೆಯದೆಂದರೆ, ಶಪ್ಪೀರಾಳಿಗೆ ಅದನ್ನು ನೋಡಿಯೇ ಹೆದರಿಕೆಯಾಯಿತು. ಕೆಟ್ಟವರಾಗಿದ್ದರೆ ಜಗಳ ತೆಗೆದಾದರೂ ಸಂಬಂಧ ಮುರಿಯಬಹುದಿತ್ತು.

ಮಗಳು ಯೊಹಾನಾ ನೀರು, ಆಲಿವ್ ಕಾಯಿ, ಜವೆಗೋದಿಯ ರೊಟ್ಟಿ ತಂದಿಟ್ಟು ಒಳಗೆ ಹೋದಳು. ಮಲ್ಕೀಯರು ಆಲಿವ್ ಕಾಯನ್ನು ಒಂದೊಂದಾಗಿ ಬಾಯಿಗೆ ಹಾಕಿಕೊಳ್ಳುತ್ತ ಗಂಡನ ಕಡೆಯ ಹೆಸರುಗಳನ್ನು ಮೊದಲು ಕೇಳಿದರು. ಅದರಲ್ಲಿ ತೊಡಕಿರಲಿಲ್ಲ. ತೀರಿಹೋದ ಅವಳ ಗಂಡ ನಾಲ್ಕು ತಲೆಮಾರಿನಿಂದ ಇದೇ ಊರಿನವನು.

"ಇನ್ನು ನಿನ್ನ ಕಡೆ. ನಿಮ್ಮ ತಾಯಿ?"

"ಸಲೋಮೆ. ಕೆಫರ್ ಅಗೀನಿನವರು."

"ಅವರ ತಾಯಿ?"

"ದಕ್ಷಿಣದಿಂದ ಬಂದವರು. ಯುದ್ಧದಲ್ಲಿ ರೋಮಿನವರು ಊರೂರು ಸುಟ್ಟಾಗ ಓಡಿಬಂದವರು. ಬೆನ್ಯಾಮೀನ ಕುಲ."

"ಬೆನ್ಯಾಮೀನರ ಸೀಮೇಲಿ ಎಲ್ಲಿ? ಗಿಬ್ಯೋನಿನ ಕಡೆಯಾ?"

ಬಾಚುಹಲಗೆಯ ಮೊಳೆ ಶಪ್ಪೀರಾಳ ಅಂಗೈಗೆ ನೆಟ್ಟಿತು. ಬೆಳ್ಳನೆಯ ನಾರಿನ ಮೇಲೆ ರಕ್ತ ಹನಿಯಿತು. ಅವಳು ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

"ಅಯ್ಯೋ, ನೋಡ್ಕೊಂಡು ಬಾಚಬಾರದಾ ತಾಯಿ? ನಾನೇನು ಗೊತ್ತಿದ್ದು ಕೇಳಿದ್ದಲ್ಲ. ಆ ಸೀಮೇಲಿ ನನಗೆ ಗೊತ್ತಿರೋದೇ ಅದೊಂದು ಊರು," ಎಂದು ಮಲ್ಕೀಯರು ನಕ್ಕರು. "ನಿಮ್ಮಜ್ಜೀನ ಬಲ್ಲವರು ಕೆಫರ್ ಅಗೀನಲ್ಲಿ ಯಾರಾದ್ರೂ ಉಳಿದಿದಾರಾ? ಶನಿವಾರದ ಸಬ್ಬತ್ ಕಳೀಲಿ, ಕತ್ತೆ ಹತ್ತಿ ಒಂದು ಸಲ ಹೋಗಿಬರ್ತೀನಿ. ಶಾಸ್ತ್ರಕ್ಕೆ."

"ಯಾರೂ ಇಲ್ಲ, ಅಯ್ಯನವರೇ. ಎಲ್ಲ ಹೋದ್ರು."

"ಯಾರೂ ಇಲ್ಲ ಅಂತೀಯಲ್ಲಮ್ಮ!" ಒಳಗಿನಿಂದ ಯೊಹಾನಾ ಕೂಗಿದಳು. ಮದುವೆಯಾದಷ್ಟು ಬೇಗ ಆಗಲಿ ಎಂಬ ಆತುರ ಅವಳಿಗೆ. "ಹೊಗ್ಲಜ್ಜಿ ಇದಾರಲ್ಲ! ನಮ್ಮಜ್ಜಿ ಗೆಳತಿ. ಹೋದ ಸುಗ್ಗೀಲಿ ಯಾರೋ ನೋಡಿದ್ರಂತೆ, ಗಟ್ಟಿಮುಟ್ಟಾಗೇ ಇದಾರಂತೆ."

ಶಪ್ಪೀರಾ ಮಗಳ ಕಡೆ ತಿರುಗಲಿಲ್ಲ. ತಿರುಗಿದರೆ ಮುಖದಲ್ಲಿರುವುದು ಕಂಡುಬಿಡುತ್ತಿತ್ತು.

*

ಅವಳ ತಾಯಿ ಸಾಯುವ ಮುಂಚೆ ಅವಳ ಕತ್ತನ್ನು ಬಗ್ಗಿಸಿಕೊಂಡು ಕಿವಿಯಲ್ಲಿ ಹೇಳಿದ್ದು ಇಷ್ಟೇ: "ನಾವು ಬೆನ್ಯಾಮೀನರಲ್ಲ ಮಗಾ. ಗಿಬ್ಯೋನಿನವರು. ಸೌದೆ ಕಡಿಯೋರ ಪೈಕಿ. ಬಾಯಿ ಬಿಡಬೇಡ."

ಆಗ ಶಪ್ಪೀರಾಳಿಗೆ ಮದುವೆಯಾಗಿ ಯೊಹಾನಾ ಹೊಟ್ಟೆಯಲ್ಲಿದ್ದಳು. ತಾಯಿ ಇದನ್ನು ಮದುವೆಗೆ ಮೊದಲೂ ಹೇಳಲಿಲ್ಲ, ಹೇಳದೆ ಸಾಯಲೂ ಇಲ್ಲ. ಅದೇನು ಕರ್ಮವೋ.

ಇಸ್ರಾಯೇಲ್ಯರು ಬರುವ ಮುಂಚೆ ನಾಡಿನಲ್ಲಿದ್ದ ಕಾನಾನ್ಯರ ಊರುಗಳಲ್ಲಿ ಗಿಬ್ಯೋನ್ ಒಂದು. ಇಸ್ರಾಯೇಲ್ಯರ ನಾಯಕ ಯೆಹೋಶುವನ ದಂಡು ನಾಡು ಹೊಕ್ಕು ಯೆರಿಕೋವನ್ನು ಸುಟ್ಟಾಗ ಆ ಊರಿನವರು ಹರಕು ಕೆರ, ಬೂಷ್ಟು ಹಿಡಿದ ರೊಟ್ಟಿ ತೋರಿಸಿ, ನಾವು ದೂರದೇಶದವರು ಎಂದು ಸುಳ್ಳಾಡಿ, ಪ್ರಾಣ ಉಳಿಸುವ ಆಣೆ ಪಡೆದರು. ಸುಳ್ಳು ಬಯಲಾದರೂ ಆಣೆ ಆಣೆಯೇ. ಕೊಲ್ಲಲಿಲ್ಲ. ದೇವರ ಮನೆಗೆ ಸೌದೆ ಕಡಿಯಲು, ನೀರು ಹೊರಲು ಹಾಕಿದರು. ಸಾವಿರ ವರ್ಷದ ಮೇಲಾಯಿತು, ದೇವರ ಮನೆಯೇ ಸುಟ್ಟು ಬೂದಿಯಾಯಿತು, ಆದರೆ ಅವರ ಸಂತಾನದೊಂದಿಗೆ ಇಸ್ರಾಯೇಲ್ಯರು ಹೆಣ್ಣು ತರಬಾರದು, ಕೊಡಬಾರದು ಎಂಬ ಕಟ್ಟು ಹಾಗೇ ಇದೆ. ಒಬ್ಬ ಮುತ್ತಜ್ಜಿಯಲ್ಲಿ ಆ ರಕ್ತವಿದ್ದರೆ ಸಾಕು, ಕೊನೆಯ ಕೂಸಿನವರೆಗೂ ಅದೇ.

ಕಟ್ಟು ಮುರಿದವರಿಗೆ ಏನಾಗುತ್ತದೆಂದು ಶಪ್ಪೀರಾ ಚಿಕ್ಕಂದಿನಲ್ಲಿ ಕಣ್ಣಾರೆ ಕಂಡಿದ್ದಳು. ಹುರಿದ ಕಾಳು, ಬೀಜ ತುಂಬಿದ ದೊಡ್ಡ ಗಡಿಗೆಯನ್ನು ದಾಯಾದಿಗಳು ಬೀದಿಗೆ ತಂದು ಒಡೆದರು. ಮಕ್ಕಳು ಮುಗಿಬಿದ್ದು ಆರಿಸಿಕೊಂಡರು. ದೊಡ್ಡವರು ಕೂಗಿದರು: "ನಮ್ಮ ಅಣ್ಣ ಕುಲಗೆಟ್ಟವಳನ್ನು ತಂದಿದಾನೆ. ಇವನ ಸಂತಾನ ನಮ್ಮಲ್ಲಿ ಬೆರೆಯಬಾರದು. ನೆನಪಿಟ್ಟುಕೊಳ್ಳಿ, ಮಕ್ಕಳೇ!" ಅವಳೂ ಒಂದು ಹಿಡಿ ಕಾಳು ಆರಿಸಿ ತಿಂದಿದ್ದಳು. ಆ ಮನೆಯ ಬಾಗಿಲು ಆಮೇಲೆ ತೆರೆದದ್ದನ್ನು ಅವಳು ನೋಡಲಿಲ್ಲ.

*

ಸಬ್ಬತ್ತಿನ ದಿನ ಸಭಾಮಂದಿರಕ್ಕೆ ಹೋಗದೆ ಉಳಿದರೆ ನೆರೆಯವರು ಕೇಳುತ್ತಾರೆಂದು ಶಪ್ಪೀರಾ ಹೋದಳು. ಹೆಂಗಸರ ನಡುವೆ, ಬಾಗಿಲ ಹತ್ತಿರ ಕುಳಿತಳು. ಉಪದೇಶಕ ಹೊಸಬ, ಟಿಬೇರಿಯದಿಂದ ಬಂದ ತೆಳ್ಳನೆಯ ಯುವಕ. ಅವನು ಎದ್ದು ನಿಂತು ಗಂಟಲು ಸರಿಮಾಡಿಕೊಂಡು, "ಉಸಿರಾಡುವ ಒಂದನ್ನೂ ಉಳಿಸಬೇಡ," ಎಂಬ ಮೋಶೆಯ ವಾಕ್ಯ ಎತ್ತಿಕೊಂಡ. ಕಾನಾನ್ಯರ ವಿಷಯ.

ಶಪ್ಪೀರಾ ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು. ಇವನಿಗೆ ಯಾರು ಹೇಳಿದರು?

"ನಮ್ಮ ದೇವರು ಕರುಣಾಳು. ಕೂಸುಗಳನ್ನೂ ಬಿಡಬೇಡ ಅಂತ ಅಂದಾನೆಯೇ ಅಂತ ನೀವು ಕೇಳ್ತೀರಿ," ಉಪದೇಶಕ ಹೇಳಿದ. "ಹಿರಿಯರು ಹೇಳ್ತಾರೆ: ಯೆಹೋಶುವ ನಾಡು ಹೊಗೋಕೆ ಮುಂಚೆ ಮೂರು ಓಲೆ ಕಳಿಸಿದ. ಬಿಟ್ಟುಹೋಗೋರು ಹೋಗಲಿ. ಸಂಧಿ ಬೇಕಾದವರು ಸಂಧಿ ಮಾಡ್ಕೊಳ್ಳಲಿ. ಕಾದಾಡೋರು ಕಾದಾಡಲಿ. ಕಾನಾನ್ಯರಲ್ಲಿ ಗಿರ್ಗಾಷಿಯರು ಅನ್ನೋರು ಗಂಟುಮೂಟೆ ಕಟ್ಟಿ ಆಫ್ರಿಕಕ್ಕೆ ಹೋದ್ರು, ಅಲ್ಲಿ ಅವರಿಗೂ ಒಳ್ಳೇ ನಾಡು ಸಿಕ್ತು. ಗಿಬ್ಯೋನಿನವರು ಸಂಧಿ ಮಾಡ್ಕೊಂಡು ಉಳಿದ್ರು. ಮಿಕ್ಕ ರಾಜರು ಕಾದಾಡಿ ಬಿದ್ರು. ದೋಷ ಯಾರದು?"

"ಸ್ವಾಮೀ!" ಗಂಡಸರ ಸಾಲಿನಿಂದ ಚಪ್ಪಲಿ ಹೊಲಿಯುವ ಝಬ್ದೈ ಕೂಗಿದ. ಅವನ ಬಾಯಿಗೆ ಬೀಗವಿಲ್ಲ. "ಸಂಧಿ ಓಲೆ ಮೊದಲೇ ಬಂದಿದ್ರೆ ಆ ಗಿಬ್ಯೋನಿನೋರು ಹರಕು ಕೆರ ಹಾಕ್ಕೊಂಡು ನಾಟಕ ಯಾಕಾಡಿದ್ರು? ಹೊಲಿಸ್ಕೊಳ್ಳೋಕೆ ನನ್ನಂಥೋನು ಸಿಕ್ಕಲಿಲ್ವಾ?"

ಜನ ನಕ್ಕರು. ಉಪದೇಶಕನೂ ನಕ್ಕ. "ಸುಳ್ಳು ಅವರ ಜಾಯಮಾನ, ಅದಕ್ಕೆ," ಎಂದ. "ನಮ್ಮ ಜನಕ್ಕೆ ಮೂರು ಗುರುತು: ಕರುಣೆ, ನಾಚಿಕೆ, ಉಪಕಾರ. ಈ ಮೂರಿಲ್ಲದವನು ನಮ್ಮವನಲ್ಲ. ಗಿಬ್ಯೋನಿನವರು ದಾವೀದ ರಾಜನ ಮುಂದೆ ನಿಂತು ಹಿಂದಿನ ರಾಜ ಸೌಲನ ಮನೆಯ ಏಳು ಗಂಡುಮಕ್ಕಳನ್ನ ಕೇಳಿ ಪಡೆದು ತೂಗುಹಾಕಿದ್ರು. ಅವತ್ತೇ ದಾವೀದ ಅವರನ್ನ ನಮ್ಮಿಂದ ಹೊರಗಿಟ್ಟ. ಬೇರು ಎಲ್ಲಿ ಹೋಗುತ್ತೆ? ಕಾದು ನೋಡಿ, ಒಂದಲ್ಲ ಒಂದು ದಿನ ಚಿಗುರುತ್ತೆ."

ಶಪ್ಪೀರಾ ತನ್ನನ್ನೇ ಕೇಳಿಕೊಂಡಳು. ತನ್ನಲ್ಲಿ ಕರುಣೆ ಇದೆಯೇ? ಹೋದ ಚಳಿಗಾಲ ನಾರು ಕದ್ದಳೆಂದು ಕೂಲಿ ಹೆಂಗಸಿನ ಕೆನ್ನೆಗೆ ಹೊಡೆದದ್ದು ನೆನಪಾಯಿತು. ಆ ಹೆಂಗಸು ಕದ್ದಿರಲೇ ಇಲ್ಲ. ಹೊಡೆದ ಕೈ ಯಾರದು? ಪಕ್ಕದಲ್ಲಿ ಯೊಹಾನಾ ಬಗ್ಗಿ, "ಅಮ್ಮಾ, ಯಾಕೆ ನಡುಗ್ತಿದ್ದೀಯ? ಜ್ವರವಾ?" ಎಂದಳು.

"ಬಾಗಿಲ ಗಾಳಿ ಕಣೆ."

*

ಭಾನುವಾರ ಬೆಳಕು ಹರಿಯುತ್ತಲೇ ಅವಳು ಕೆಫರ್ ಅಗೀನಿನ ದಾರಿ ಹಿಡಿದಳು. ನೂಲು ಕೊಳ್ಳಲು ಹೋಗುತ್ತೇನೆಂದು ಮಗಳಿಗೆ ಹೇಳಿದ್ದಳು. ಹೊಗ್ಲಜ್ಜಿಯ ಕಾಲು ಹಿಡಿದು ಬಾಯಿ ಕಟ್ಟಿಬಿಟ್ಟರೆ ಸಾಕು. ಮಲ್ಕೀಯರು ಹೇಗೂ ದಪ್ಪ ಮೈಯವರು, ಬಿಸಿಲೇರಿದ ಮೇಲೆ ಹೊರಡುತ್ತಾರೆ. ಆಲಿವ್ ತೋಟಗಳ ನಡುವೆ ಅವಳು ಅರ್ಧ ನಡೆದಳು, ಅರ್ಧ ಓಡಿದಳು. ಹಿಂದೆ ಕತ್ತೆಯ ಗೊರಸಿನ ಸದ್ದು ಕೇಳಿದಂತಾಗಿ ಮೂರು ಸಲ ತಿರುಗಿ ನೋಡಿದಳು. ಬೇಲಿಯಲ್ಲಿ ಹಲ್ಲಿ ಸರಿದರೂ ಬೆಚ್ಚಿ ನಿಲ್ಲುತ್ತಿದ್ದಳು.

ಹೊಗ್ಲಜ್ಜಿಯ ಗುಡಿಸಲಿನ ಮುಂದೆ ಕತ್ತೆ ಕಟ್ಟಿತ್ತು.

ಮಲ್ಕೀಯರು ಜಗಲಿಯ ಮೇಲೆ ಬಟ್ಟಲು ಹಿಡಿದು ಬೇಳೆಯ ಗಂಜಿ ಕುಡಿಯುತ್ತಿದ್ದರು. ಶಪ್ಪೀರಾಳನ್ನು ಕಂಡು ಬಟ್ಟಲು ಕೆಳಗಿಟ್ಟರು. ಅವರ ಮುಖದಲ್ಲಿ ನಗು ಬರಲಿಲ್ಲ. ನೂಲಿನ ನೆಪ ಈಗ ನಡೆಯುವಂತಿರಲಿಲ್ಲ.

"ಯಾರದು ಬಂದೋರು?" ಹೊಗ್ಲಜ್ಜಿ ಕಣ್ಣಿಗೆ ಕೈ ಅಡ್ಡ ಹಿಡಿದಳು. ಕಣ್ಣಲ್ಲಿ ಪೊರೆ. "ಹತ್ರ ಬಾ, ಮುಖ ತೋರ್ಸು. ಅಯ್ಯೋ ನನ್ನ ಮಗಳೇ! ಸಲೋಮೆ ಮೂಗೇ ಮೂಗು. ನಮ್ಮ ಸೌದೆಯೋರ ಹುಡುಗಿ ಅಲ್ವಾ ನೀನು!"

"ಯಾವ ಸೌದೆ, ಅಜ್ಜಿ?" ಮಲ್ಕೀಯರು ಮೆಲ್ಲಗೆ ಕೇಳಿದರು.

"ಅದೇ ಕಣಪ್ಪಾ, ಗಿಬ್ಯೋನಿನ ಸೌದೆ. ದೇವರ ಮನೆಗೆ ಹೊತ್ತೋರಲ್ವಾ ಇವರು. ಯಾರ್ಗೂ ಹೇಳಬಾರ್ದು ಅಂತ ನನ್ನ ತಲೆ ಮುಟ್ಟಿಸಿ ಆಣೆ ಹಾಕಿಸ್ಕೊಂಡಿದ್ಲು ಸಲೋಮೆ. ನಾನು ಹೇಳ್ತೀನಾ? ನಾಲಿಗೆ ಕಿತ್ತರೂ ಹೇಳೋಳಲ್ಲ ನಾನು. ಇಷ್ಟು ವರ್ಷ ಆಯ್ತು, ಒಂದು ನರಪಿಳ್ಳೆಗೂ ಹೇಳಿಲ್ಲ." ಮುದುಕಿ ಹೆಮ್ಮೆಯಿಂದ ತಲೆಯಾಡಿಸಿದಳು. "ಗಂಜಿ ಕುಡೀತೀಯಾ ಮಗಾ?"

ಶಪ್ಪೀರಾ ಗಂಜಿ ಕುಡಿದಳು. ಬೇಡವೆನ್ನುವ ಶಕ್ತಿ ಇರಲಿಲ್ಲ. ಮಲ್ಕೀಯರು ನೆಲ ನೋಡುತ್ತ ಕುಳಿತಿದ್ದರು. ಹೊಗ್ಲಜ್ಜಿ ಮಾತ್ರ ತನ್ನ ಕೋಳಿಗಳ ವಿಷಯ ಹೇಳುತ್ತಲೇ ಇದ್ದಳು.

*

ಊರಿಗೆ ಇರುವುದು ಒಂದೇ ದಾರಿ. ಮಲ್ಕೀಯರು ಕತ್ತೆ ಹತ್ತಲಿಲ್ಲ. ಹಗ್ಗ ಹಿಡಿದು ಮುಂದೆ ನಡೆದರು. ಅವಳು ಹತ್ತು ಮಾರು ಹಿಂದೆ. ಅವರು ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಇಂದೇ ಬೀದಿಗೆ ಗಡಿಗೆ ತರುತ್ತಾರೋ, ಪಂಚರ ಮುಂದೆ ನಿಲ್ಲಿಸುತ್ತಾರೋ? ಯೊಹಾನಾ ಬಾವಿಗೆ ಹೋದಾಗ ಹೆಂಗಸರು ಕೊಡ ಎತ್ತಿಕೊಂಡು ಸರಿದು ನಿಲ್ಲುವುದು ಅವಳ ಕಣ್ಣಿಗೆ ಕಟ್ಟಿತು. ಮಗಳನ್ನು ಕರೆದುಕೊಂಡು ರಾತ್ರೋರಾತ್ರಿ ಕಡಲತೀರದ ತೂರ್ ಪಟ್ಟಣಕ್ಕೆ ಓಡಿಹೋದರೆ? ಅಲ್ಲಿ ಯಾರನ್ನು ಬಲ್ಲಳು? ಒಂದು ಕ್ಷಣ, ಒಂದೇ ಕ್ಷಣ, ದಾರಿಯ ಬದಿಯ ಕಲ್ಲಿನ ಮೇಲೂ ಮುಂದಿದ್ದ ಬೋಳು ತಲೆಯ ಮೇಲೂ ಅವಳ ಕಣ್ಣು ಓಡಿತು. ಏಳು ಮಕ್ಕಳನ್ನು ತೂಗುಹಾಕಿದವರ ರಕ್ತ. ಇದೇಯೇನು ಚಿಗುರುವುದೆಂದರೆ? ತನ್ನನ್ನು ಕಂಡೇ ಹೆದರಿ ಅವಳು ಕೈಗಳನ್ನು ಕಂಕುಳಲ್ಲಿ ಬಿಗಿದುಕೊಂಡಳು.

ದಾರಿ ಏರುವಲ್ಲಿ ಒಂದು ಮರವಿತ್ತು. ಮಲ್ಕೀಯರು ಅದರ ಬುಡದಲ್ಲಿ ಕುಸಿದು ಕುಳಿತರು.

"ಕೂತ್ಕೋ ತಾಯಿ."

ಅವಳು ನಿಂತೇ ಇದ್ದಳು.

"ನಿನ್ನೆ ಉಪದೇಶ ಕೇಳಿದ್ಯಲ್ಲ. ಓಲೆ ಕತೆ." ಅವರು ಉಸಿರು ಸುಧಾರಿಸಿಕೊಂಡರು. "ಉಸಿರಾಡೋದನ್ನ ಉಳಿಸಬೇಡ ಅನ್ನೋ ವಾಕ್ಯ ಓದಿದಾಗ ನನಗೆ ಏಳು ವರ್ಷ. ರಾತ್ರಿ ನಿದ್ದೆ ಬರಲಿಲ್ಲ. ನಮ್ಮಪ್ಪ ಈ ಓಲೆ ಕತೆ ಹೇಳಿ ಮಲಗಿಸಿದ. ಕೇಳಿಯೇ ಕೊಂದದ್ದು ಕಣೋ, ಸುಮ್ಮಸುಮ್ಮನೆ ಅಲ್ಲ ಅಂದ. ಅವತ್ತಿಂದ ಆ ಕತೇನೇ ಹಿಡ್ಕೊಂಡಿದೀನಿ. ಆದ್ರೆ ಆ ಚಪ್ಪಲಿಯವನು ಕೇಳಿದ್ದಕ್ಕೆ ಆ ಉಪದೇಶಕ ಹುಡುಗ ಸರಿಯಾದ ಉತ್ತರ ಕೊಡಲಿಲ್ಲ. ಓಲೆ ಬಂದಿತ್ತಲ್ಲ. ಬದುಕ್ಕೊಳ್ಳಿ ಅಂತ ಬರೆದಿತ್ತಲ್ಲ. ಮತ್ತೆ ಯಾಕೆ ಸುಳ್ಳು?"

ಅವರು ತನ್ನನ್ನೇ ಕೇಳುತ್ತಿದ್ದಾರೆಂದು ಅವಳಿಗೆ ತಿಳಿಯಲು ತುಸು ಹೊತ್ತು ಹಿಡಿಯಿತು. ಮುಳುಗುವವಳಿಗೆ ಚಳಿಯೇನು, ಮಳೆಯೇನು?

"ಅಯ್ಯನವರೇ, ಯೆರಿಕೋ ಉರಿದ ಹೊಗೆ ಅವರ ಮನೆ ಮಾಳಿಗೆಗೆ ಕಾಣ್ತಿತ್ತು. ಆಚೆ ಊರಲ್ಲಿ ಒಂದು ತೊಟ್ಟಿಲೂ ಉಳೀಲಿಲ್ಲ ಅಂತ ಸುದ್ದಿ ಬಂದಿತ್ತು. ಹಾಗಿರೋವಾಗ ಬಂದ ಓಲೇನ ಯಾರು ನಂಬ್ತಾರೆ? ಎದುರಿಗಿರೋನು ಒಳ್ಳೇವನೇ ಇರಬಹುದು. ನಗ್ತಾನೇ ಕೇಳಬಹುದು. ಆದ್ರೂ ಹೆದರಿದೋರ ಬಾಯಿಗೆ ಮೊದಲು ಬರೋದು ಸುಳ್ಳೇ."

ಮಲ್ಕೀಯರು ಕೆಳಗೆ ಬಿದ್ದಿದ್ದ ಒಣಕಡ್ಡಿಯೊಂದನ್ನು ಎತ್ತಿ ಮುರಿದರು.

"ಸೌಲ ಗಿಬ್ಯೋನಿನವರನ್ನ ಕೊಂದಾಗ ದೇವರು ನಾಡಿಗೆ ಬರ ಹಾಕಿದ," ಎಂದರು ಆಮೇಲೆ, ತಮಗೆ ತಾವೇ ಹೇಳಿಕೊಳ್ಳುವಂತೆ. "ಅವರಿಗೋಸ್ಕರ. ಅದೂ ಬರೆದಿದೆ. ಆಮೇಲೆ ಅವರು ಆ ಏಳು ಹುಡುಗರನ್ನ ತೂಗುಹಾಕಿದ್ದೂ ಬರೆದಿದೆ. ಅದಕ್ಕೇನು ಹೇಳ್ತೀಯ?"

ಅವಳು ದಾರಿಯ ಬದಿಯ ಕಲ್ಲನ್ನು ನೆನೆದಳು. ಕೈಗಳನ್ನು ಕಂಕುಳಲ್ಲಿ ಇನ್ನೂ ಬಿಗಿಯಾಗಿ ಒತ್ತಿಕೊಂಡಳು.

ಮಲ್ಕೀಯರು ಮರಕ್ಕೆ ಒರಗಿ ಕಣ್ಣು ಮುಚ್ಚಿದರು. "ನೋಡು ತಾಯಿ. ಎಲ್ಲ ಮನೆತನವೂ ಶುದ್ಧ ಅಂತಲೇ ಲೆಕ್ಕ, ಅಲ್ಲ ಅಂತ ಇಬ್ಬರು ಹೇಳೋವರೆಗೂ. ಬೆರೆತುಹೋದದ್ದು ಬೆರೆತುಹೋಯ್ತು, ಕೆದಕಬೇಡಿ ಅಂತ ಹಿರಿಯರೇ ಹೇಳಿದಾರೆ. ಇವತ್ತು ಒಬ್ಬಳು ಅರಳುಮರಳು ಮುದುಕಿ ಏನೋ ಅಂದ್ಲು, ಅದು ಸಾಕ್ಷಿಯಲ್ಲ. ಆದ್ರೆ ಎರಡನೇ ಬಾಯಿ ತೆರೀತು ಅಂದ್ರೆ ನಾನು ಸುಮ್ಮನಿರೋ ಹಾಗಿಲ್ಲ. ನಾನೂ ಯಾಜಕ. ಯಕೀಮ ನನ್ನ ತಮ್ಮನ ಮಗ." ಅವರು ಕಣ್ಣು ತೆರೆದು ಅವಳನ್ನು ನೇರವಾಗಿ ನೋಡಿದರು. "ಎರಡನೇವರು ಯಾರಾದ್ರೂ ಇದಾರಾ?"

ಇಪ್ಪತ್ತು ವರ್ಷ ಬಿಗಿಹಿಡಿದದ್ದು ಅವಳ ನಾಲಿಗೆಯ ತುದಿಗೆ ಬಂತು. ಹೇಳಿಬಿಟ್ಟರೆ ಈ ನಡುಕ ಮುಗಿಯುತ್ತದೆ. ಗಡಿಗೆ ಒಡೆಯಲಿ, ಬಾಗಿಲು ಮುಚ್ಚಲಿ, ಮುಗಿಯುತ್ತದೆ. ಅವಳು ಬಾಯಿ ತೆರೆದಳು.

"ಕತ್ತೆ!" ಮಲ್ಕೀಯರು ಗಟ್ಟಿಯಾಗಿ ಕಿರುಚಿದರು. "ಹಿಡಿ, ಹಿಡಿ ತಾಯಿ, ಕತ್ತೆ ಹೋಯ್ತು ನೋಡು!"

ಕತ್ತೆ ನಾಲ್ಕು ಹೆಜ್ಜೆ ಆಚೆ ಒಣಹುಲ್ಲು ಮೇಯುತ್ತ ನಿಂತಿತ್ತು. ಶಪ್ಪೀರಾ ಹೋಗಿ ಹಗ್ಗ ಹಿಡಿದಳು. ತಿರುಗುವಷ್ಟರಲ್ಲಿ ಅವರು ಎದ್ದು ಬಟ್ಟೆಯ ಧೂಳು ಕೊಡವುತ್ತಿದ್ದರು. ಆ ಪ್ರಶ್ನೆಯನ್ನು ಅವರು ಮತ್ತೆ ಕೇಳಲಿಲ್ಲ.

*

ಮದುವೆ ಆಲಿವ್ ಕೊಯ್ಲಿಗೆ ಮುಂಚೆ ಆಯಿತು. ಎರಡೂ ಕಡೆಯ ತಾಯಂದಿರು ಸರಿಯಿದ್ದಾರೆ ಎಂದು ಮಲ್ಕೀಯರು ನೆಂಟರ ಮುಂದೆ ಹೇಳಿದರು. ಕೈಯೆತ್ತಿ ಮಕ್ಕಳನ್ನು ಹರಸಿದರು. ಹಬ್ಬದೂಟದ ಏಳೂ ದಿನ ಬಂದರು, ಹಾಡಿದರು, ಚಪ್ಪಲಿ ಝಬ್ದೈ ಜೊತೆ ಕುಣಿಯಲು ಹೋಗಿ ಉಬ್ಬಸ ಹತ್ತಿ ಎಲ್ಲರನ್ನೂ ನಗಿಸಿದರು.

ಎರಡನೆಯ ದಿನವೇ ಶಪ್ಪೀರಾ ಗಮನಿಸಿದ್ದು ಬೇರೆ. ಸುಗ್ಗಿಯಲ್ಲಿ ಜನ ಯಾಜಕರಿಗೆಂದು ತೆಗೆದಿಟ್ಟ ಪವಿತ್ರ ಪಾಲಿನ ಹಿಟ್ಟಿನಿಂದ ರೊಟ್ಟಿ ಸುಟ್ಟು, ಯಾಜಕ ಮನೆತನದವರಿಗೆ ಮಾತ್ರ ಬೇರೆ ತಟ್ಟೆಯಲ್ಲಿ ಇಡುತ್ತಾರೆ; ಕುಲಗೆಟ್ಟವರು ಅದನ್ನು ಮುಟ್ಟುವಂತಿಲ್ಲ. ಯಕೀಮ ಒಂದು ತುಂಡು ಮುರಿದು ಹೊಸ ಹೆಂಡತಿಗೆ ಕೊಟ್ಟ. ಈಗ ಅವಳೂ ಆ ಮನೆಯವಳು, ತಿನ್ನಬಹುದು. ತಿಂದಳು. ತಟ್ಟೆ ಮಲ್ಕೀಯರ ಮುಂದೆ ಬಂತು. ಅವರು ಹೊಟ್ಟೆ ನೀವಿಕೊಂಡು, "ವೈದ್ಯ ಬೇಡ ಅಂದಿದಾನಪ್ಪ," ಎಂದು ಮುಂದಕ್ಕೆ ದಾಟಿಸಿದರು.

ಮಾರನೆಯ ದಿನವೂ ಹಾಗೇ. ಪಸ್ಕ ಹಬ್ಬಕ್ಕೆ ಬಂದಾಗಲೂ ಹಾಗೇ. ಬೇರೆಯವರ ಮನೆಯಲ್ಲಿ ಅವರು ಹೊಟ್ಟೆ ತುಂಬ ತಿನ್ನುವುದನ್ನು ಶಪ್ಪೀರಾ ಕಂಡಿದ್ದಳು. ಬಾಯಿಗೆ ಬೀಗ ಹಾಕಿಕೊಳ್ಳುವುದು ಅವರಿಗೆ ಸಾಧ್ಯವಾಗಿತ್ತು, ಆ ಒಂದು ತುತ್ತು ನುಂಗುವುದು ಆಗಿರಲಿಲ್ಲ. ಅವರನ್ನು ಬೈಯಲು ಅವಳಿಗೆ ಮನಸ್ಸು ಬರಲಿಲ್ಲ. ಆದರೆ ಪ್ರತಿ ಹಬ್ಬದಲ್ಲೂ ತಟ್ಟೆ ಅವರ ಹತ್ತಿರ ಬರುವ ಹೊತ್ತಿಗೆ ಅವಳು ಸುತ್ತ ಕುಳಿತವರ ಮುಖ ನೋಡುತ್ತಿದ್ದಳು. ಬೇರೆ ಯಾರಾದರೂ ನೋಡಿದರೆ? ನೋಡಿ ಯೋಚಿಸಿದರೆ?

ಯೊಹಾನಾಳಿಗೆ ಗಂಡುಮಗು ಹುಟ್ಟಿತು. ಎಂಟನೆಯ ದಿನದ ಸುನ್ನತಿಗೆ ಮಲ್ಕೀಯರೇ ಮಗುವನ್ನು ತೊಡೆಯ ಮೇಲೆ ಹಿಡಿದರು. ಕೂಸು ಅತ್ತಾಗ ಅವರ ಕಣ್ಣಲ್ಲೂ ನೀರು ಬಂತು. ಊಟಕ್ಕೆ ಕುಳಿತಾಗ ಬರೀ ಅಂಜೂರ ತಿಂದರು.

ಬಂದವರು ಹೋದ ಮೇಲೆ ಯೊಹಾನಾ ಮಗುವಿಗೆ ಮೊಲೆಯೂಡಿಸುತ್ತ ಹೇಳಿದಳು: "ಅಮ್ಮಾ, ದೊಡ್ಡಪ್ಪಂಗೆ ನನ್ನ ಕಂಡ್ರೆ ಏನೋ ಬೇಸರ ಇದೆ. ನನ್ನ ಮನೆ ರೊಟ್ಟಿ ಒಂದು ಸಲಾನೂ ಮುಟ್ಟಿಲ್ಲ. ಆಚೆ ಮನೇಲಿ ಮೂರು ತಿಂದ್ರಂತೆ."

"ವಯಸ್ಸಾಯ್ತಲ್ಲೇ. ಒಂದು ದಿನ ಇದ್ದ ಹಾಗೆ ಒಂದು ದಿನ ಇರಲ್ಲ."

"ಅದಲ್ಲ. ಅವತ್ತು ನೀನು ನೂಲಿಗೆ ಅಂತ ಹೋದೆಯಲ್ಲ, ಅವರೂ ಅವತ್ತೇ ಕೆಫರ್ ಅಗೀನಿಗೆ ಹೋಗಿದ್ರಂತೆ. ನೀನು ಬರೀ ಕೈಯಲ್ಲಿ ಬಂದೆ." ಯೊಹಾನಾ ತಲೆಯೆತ್ತಿದಳು. "ಅಜ್ಜಿ ವಿಷಯ ಏನಾದ್ರೂ ಇದೆಯಾ? ಇದ್ರೆ ಹೇಳು. ನಾನೇನು ಚಿಕ್ಕವಳಲ್ಲ."

ಶಪ್ಪೀರಾ ಮಗಳ ಮುಖ ನೋಡಿದಳು. ಅದರಲ್ಲಿ ಹೆದರಿಕೆ ಇರಲಿಲ್ಲ, ಬರೀ ಕುತೂಹಲ. ತನಗೆ ಆ ವಯಸ್ಸಿನಲ್ಲಿ, ತಾಯಿಯ ಮಂಚದಿಂದ ಎದ್ದ ಆ ಸಂಜೆಯಿಂದ, ಅಂಥ ಮುಖ ಒಂದು ದಿನವೂ ಇರಲಿಲ್ಲ.

"ನಿಮ್ಮಜ್ಜಿ ಬೆನ್ಯಾಮೀನ ಕುಲ. ಅವರ ತಾಯಿ ದಕ್ಷಿಣದಿಂದ ಬಂದೋರು," ಎಂದಳು. ದನಿ ನಡುಗಲಿಲ್ಲ. "ಮಗ ದೊಡ್ಡವನಾದ ಮೇಲೆ ಕೇಳಿದ್ರೆ ಹಾಗೇ ಹೇಳು. ಹಾಲು ಸಾಕು ಮಾಡು, ಕೂಸಿಗೆ ಬಿಕ್ಕಳಿಕೆ ಬಂತು ನೋಡು."

ಮಗುವನ್ನು ಅವಳೇ ಎತ್ತಿಕೊಂಡು, ಹೆಗಲಿಗೆ ಹಾಕಿ ಬೆನ್ನು ತಟ್ಟುತ್ತ ಅಂಗಳಕ್ಕೆ ಬಂದಳು. ಮಲ್ಕೀಯರ ಕತ್ತೆ ಇಳಿಜಾರಿನಲ್ಲಿ ನಿಧಾನ ಹೋಗುತ್ತಿತ್ತು. ಅವರು ತಿರುಗಿ ನೋಡಿ ಕೈಯೆತ್ತಿದರು. ಅವಳೂ ಎತ್ತಿದಳು. ಒಳಗಿನಿಂದ ಮಗಳು ತನ್ನನ್ನು ನೋಡುತ್ತಿದ್ದಾಳೆಂಬುದು ಅವಳ ಬೆನ್ನಿಗೆ ತಿಳಿಯುತ್ತಿತ್ತು.